ಮುಚ್ಚಳ ಹಾಕಿದರೆ ನಿಲ್ಲುತ್ತಿದ್ದ ಮೋಟಾರು

ಅಹಮದಾಬಾದಿನ ಬೋಪಾಲ್ ಬಡಾವಣೆಯಲ್ಲಿ ಬಾಡಿಗೆ ಮನೆ ಹಿಡಿದು, ಕಾರ್ಖಾನೆಗಳ ಮೋಟಾರುಗಳನ್ನು ನಡೆಸುವ ಸರ್ವೋ ಡ್ರೈವ್‌ಗಳ ದುರಸ್ತಿಯ ಕೆಲಸಕ್ಕೆ ನಾನು ಸೇರಿದ ಹೊಸತು. ಒಂದು ಬೆಳಿಗ್ಗೆ ಸೂರತ್ತಿನ ಪಾಂಡೇಸರಾದಲ್ಲಿರುವ ಸೀರೆ ಪ್ರಿಂಟಿಂಗ್ ಮಿಲ್ಲಿನಿಂದ ಕರೆ ಬಂತು. ರೈಲು ಹತ್ತಿದೆ.

ಅಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ರೋಲರು, ರೋಲರಿಗೊಂದು ಮೋಟಾರು. ಮೋಟಾರಿನ ಬೆನ್ನಿಗಿರುವ ಎನ್‌ಕೋಡರು ತಾನೆಷ್ಟು ತಿರುಗಿದೆನೆಂದು ಡ್ರೈವಿಗೆ ಹೇಳುತ್ತಲೇ ಇರಬೇಕು. ಕೆಂಪು ಬಣ್ಣದ ರೋಲರಿನ ಎನ್‌ಕೋಡರು ನಡುನಡುವೆ ಬಾಯಿ ಮುಚ್ಚಿಬಿಡುತ್ತಿತ್ತು. ಡ್ರೈವ್ ಅಲಾರಂ ಹಾಕಿ ಇಡೀ ಯಂತ್ರ ನಿಲ್ಲಿಸುತ್ತಿತ್ತು.

ಪಕ್ಕದ ಮೋಟಾರಿನ ಡ್ರೈವನ್ನು ಇದಕ್ಕೆ ಜೋಡಿಸಿ ನೋಡಿದೆ. ಆಗಲೂ ಅದೇ ಅಲಾರಂ. ಹಾಗಾದರೆ ತೊಂದರೆ ಮೋಟಾರಿನ ಕಡೆಯೇ ಎಂದು ಅದರ ಕೇಬಲ್ಲು ಬಂದು ಸೇರುವ ಪೆಟ್ಟಿಗೆಯ ಮುಚ್ಚಳ ಬಿಚ್ಚಿದೆ. ಮೋಟಾರು ಸುಸೂತ್ರವಾಗಿ ತಿರುಗಿತು! ಮುಚ್ಚಳ ಹಾಕಿದೆ, ನಿಂತಿತು. ಬಿಚ್ಚಿದೆ, ತಿರುಗಿತು. ಬೆವರು ಒರೆಸಿಕೊಳ್ಳುತ್ತ ಅದರ ಮುಂದೆ ಕುಕ್ಕರಿಸಿ ಬೈದೆ: "ನಾ ನೋಡೂ ಮುಂದ ಶಾಣ್ಯಾ ಆಗ್ತಿ, ಮೂಳಾ! ಯಾಕ ಹಿಂಗ ಕಾಡ್ತಿ?"

"ಅದಕ್ಕ ಬೈದ್ರ ಏನ್ ಉಪಯೋಗ್ರೀ, ಅದಕ್ಕ ಕನ್ನಡ ಬರಂಗಿಲ್ಲ," ಎಂದಿತು ಹಿಂದಿನಿಂದ ಒಂದು ದನಿ.

ಬೆಚ್ಚಿ ತಿರುಗಿದರೆ ಮಿಲ್ಲಿನ ಪ್ರಿಂಟಿಂಗ್ ಮಾಸ್ಟರು. ಅಲ್ಲಿಯವರೆಗೂ ನನ್ನೊಡನೆ ಹಿಂದಿಯಲ್ಲೇ ಮಾತಾಡಿದ್ದ, ತಲೆ ನರೆತ ಗುಜರಾತಿ ಮನುಷ್ಯ.

"ನಿಮಗ ಬರತೈತಲ್ರೀ!"

"ಬರದ ಏನ? ಹುಬ್ಬಳ್ಳ್ಯಾಗ ನಮ್ಮಪ್ಪನ ಅರಿವಿ ಅಂಗಡಿ ಇತ್ತು. ಸಾಲಿ ಎಲ್ಲಾ ಅಲ್ಲೇ ಕಲ್ತೇನಿ. ನಿಮ್ಮೂರು ಯಾವುದವಾ?"

"ಹುಬ್ಬಳ್ಳೀನ ರೀ."

ಅವರ ಮುಖ ಅರಳಿತು. ಮಾತಿಗೆ ಕೂತುಬಿಡುತ್ತಿದ್ದೆವೇನೋ, ಆದರೆ ಯಂತ್ರ ನಿಂತಿತ್ತು. ನನಗೊಂದು ಯೋಚನೆ ಹೊಳೆಯಿತು. ಫೋನಿನ ವಿಡಿಯೋ ಹಾಗೂ ಟಾರ್ಚ್ ಚಾಲೂ ಮಾಡಿ, ಅದನ್ನು ಪೆಟ್ಟಿಗೆಯೊಳಗೆ ಭದ್ರವಾಗಿ ಅಂಟಿಸಿ ಮುಚ್ಚಳ ಹಾಕಿದೆ. ಮಾಸ್ಟರು ಯಂತ್ರ ಓಡಿಸಿದರು. ಅಲಾರಂ ಬಂದ ಮೇಲೆ ಇಬ್ಬರೂ ತಲೆಗೆ ತಲೆ ತಾಗಿಸಿ ವಿಡಿಯೋ ನೋಡಿದೆವು. ಎನ್‌ಕೋಡರಿನ ಕೇಬಲ್ಲು ಗಿಡ್ಡ. ಮುಚ್ಚಳ ಅದನ್ನು ಒತ್ತಿದಾಗ ತುದಿಯ ಕನೆಕ್ಟರು ಒಂದು ಕಡೆ ವಾಲುತ್ತಿತ್ತು. ಮೋಟಾರು ನಡುಗಿದೊಡನೆ ಸಂಪರ್ಕ ತಪ್ಪುತ್ತಿತ್ತು.

"ಕಳ್ಳ ಸಿಕ್ಕ!" ಎಂದು ಮಾಸ್ಟರು ಚಪ್ಪಾಳೆ ಹೊಡೆದರು.

ಚೀಲದಲ್ಲಿದ್ದ ಉದ್ದನೆಯ ಕೇಬಲ್ಲು ಹಾಕಿ, ಮುಚ್ಚಳಕ್ಕೆ ತಾಗದಂತೆ ಬದಿಯಿಂದ ಎಳೆದು ಕಟ್ಟಿದೆ. ಮುಚ್ಚಳ ಹಾಕಿದರೂ ಮೋಟಾರು ನಿಲ್ಲಲಿಲ್ಲ. ಬಟ್ಟೆಯ ಮೇಲೆ ಕೆಂಪು ಹೂಗಳು ಹಸಿರು ಎಲೆಗಳ ಪಕ್ಕ ಸರಿಯಾಗಿ ಬಂದು ಕೂತವು.

ಚಹಾ ಬರುವಷ್ಟರಲ್ಲಿ ಮಾಸ್ಟರು ಹುಬ್ಬಳ್ಳಿಯಲ್ಲೇ ನೆಲೆಸಿರುವ ತಮ್ಮ ಅಕ್ಕನಿಗೆ ಫೋನು ಹಚ್ಚಿ ನನ್ನ ಕೈಗಿತ್ತರು. ಆ ಅಕ್ಕನ ಮೊದಲ ಪ್ರಶ್ನೆ, "ಊಟ ಆತೇನವಾ? ಇಂವ ಉಣ್ಣಾಕ ಹಾಕ್ಯಾನಿಲ್ಲೋ?" ಇಲ್ಲವೆಂದೆ. ಮಾಸ್ಟರು ನಾಲಿಗೆ ಕಚ್ಚಿಕೊಂಡು ಎದ್ದೇಬಿಟ್ಟರು. ಅವರ ಮನೆಯಲ್ಲಿ ರೋಟ್ಲಿ, ದಾಳ್ ಉಂಡು, ಹುಬ್ಬಳ್ಳಿಯ ಓಣಿಗಳನ್ನೆಲ್ಲ ಮಾತಿನಲ್ಲೇ ಸುತ್ತಿ ಮುಗಿಸುವಷ್ಟರಲ್ಲಿ ನನ್ನ ರೈಲು ಹೋಗಿತ್ತು. ಮುಂದಿನ ರೈಲಿನಲ್ಲಿ ನಿಂತೇ ಬಂದೆ. ವಡೋದರಾ ದಾಟುವವರೆಗೂ ಒಬ್ಬಳೇ ನಗುತ್ತಿದ್ದೆ.