ಮೊದಲು ಕಾಗದ, ಆಮೇಲೆ ಬಿಯರ್

ಭಾನುವಾರ, ಬೆಳಗಿನ ಐದೂವರೆ. ಎಲ್ ಆಲ್ಟೊದ ಗಾಡಿ ಸಂತೆಯಲ್ಲಿ ಸತುರ್ನೀನಾ ಕಾಲಿಸಾಯಾ ಲಂಗ ಎತ್ತಿಕಟ್ಟಿ ಹಳೆಯ ಮಿನಿಬಸ್ಸೊಂದರ ಅಡಿಗೆ ತೂರಿದ್ದಾರೆ. ಬಾಯಲ್ಲಿ ಟಾರ್ಚು, ಕೈಯಲ್ಲಿ ಒದ್ದೆ ಬಟ್ಟೆ. ಚಾಸಿ ನಂಬರಿನ ಮೇಲಿನ ಕೆಸರು ಒರೆಸಿ, ಕಾಗದದ ನಂಬರಿಗೆ ತಾಳೆ ನೋಡುತ್ತಾರೆ. ಸರಿಯಾಗಿದೆ. ಹೊರಬರುವಷ್ಟರಲ್ಲಿ, ಕೊಳ್ಳಲು ಬಂದ ಫರ್ಮೀನ್ ಟಿಕೋನಾನ ಹೆಂಡತಿ ಚಕ್ರಗಳಿಗೆ ಬಿಯರ್ ಎರೆದು, ಗಾಡಿಯ ಮೂತಿಗೆ ಹೂಮಾಲೆಯನ್ನೂ ಹಾಕಿ ಮುಗಿಸಿದ್ದಾಳೆ. ಸತುರ್ನೀನಾಗೆ ತಲೆ ಚಚ್ಚಿಕೊಳ್ಳುವಂತಾಗುತ್ತದೆ.

ಈ ಊರಿನ ರೋಗವೇ ಇದು. ಭೂತಾಯಿಗೆ ಬಿಯರ್ ಎರೆದ ಮೇಲೆ ಗಾಡಿ ಬೇಡ ಅನ್ನುವುದು ಅಪಶಕುನವಂತೆ. ಮಾರುವವರಿಗೆ ಇದು ಚೆನ್ನಾಗಿ ಗೊತ್ತು; ಬಾಟಲಿಯನ್ನು ಅವರೇ ತಂದುಕೊಡುತ್ತಾರೆ.

ಅರವತ್ತೊಂದರ ಸತುರ್ನೀನಾ ಕೂಡ ಹೀಗೇ ಹಳ್ಳಕ್ಕೆ ಬಿದ್ದವರು. ಗಂಡ ಕೊಂಡ ಟ್ಯಾಕ್ಸಿಯ ಮೇಲೆ ಹಳೇ ಮಾಲೀಕನ ಸಾಲವಿತ್ತು. ಎರಡು ವರ್ಷ ಕಂತು ಕಟ್ಟಿದ ಮೇಲೆ ಸಾಲದವರು ಬಂದು ಟ್ಯಾಕ್ಸಿ ಎಳೆದುಕೊಂಡು ಹೋದರು. ಅಂದಿನಿಂದ ಹತ್ತೊಂಬತ್ತು ವರ್ಷ, ವಾರಕ್ಕೆರಡು ಸಂತೆ, ಕೊಳ್ಳುವವರ ಪರವಾಗಿ ಗಾಡಿ ಮತ್ತು ಕಾಗದ ನೋಡುವುದೇ ಕೆಲಸ. ಒಂದು ಸಲಕ್ಕೆ ಹತ್ತು ಬೊಲಿವಿಯಾನೊ. ದಿನಕ್ಕೆ ಇಪ್ಪತ್ತು ಗಾಡಿ ನೋಡಿದರೆ ಆರೇಳರಲ್ಲಿ ಹುಳುಕು. ಇವರ ಮಾತು ಕೇಳುವವರು ಇಬ್ಬರೋ ಮೂವರೋ. “ಮಿಕ್ಕವರು ಎಲ್ಲಾ ಕಳ್ಕೊಂಡು ಬಂದು, ಇನ್ನೂ ಜೋರಾಗಿ ಹೇಳಬಾರದಿತ್ತಾ ಅಂತ ನನ್ನನ್ನೇ ಕೇಳ್ತಾರೆ,” ಎನ್ನುತ್ತಾರೆ.

ಮಾರುವವನು ಕೊಟ್ಟ ಸಾಲದ ಕಾಗದವನ್ನು ಫರ್ಮೀನ್ ಚಾಚುತ್ತಾನೆ. ಕಂತು ಸಾವಿರದ ಇನ್ನೂರು ಎಂದಷ್ಟೇ ಕೇಳಿ ಪೆನ್ನು ಹಿಡಿದಿದ್ದಾನೆ ಮಹಾರಾಯ.

“ಎಷ್ಟು ತಿಂಗಳು ತಮ್ಮಾ?”

“ಅದನ್ನ ಆಮೇಲೆ ತುಂಬ್ತಾರಂತೆ ಅಕ್ಕ.”

“ಅವರು ತುಂಬ್ತಾರೆ, ನೀನು ತೆರ್ತೀಯ. ಸಾಯೋವರೆಗೂ ತೆರ್ತೀಯ.”

ಮೂರನೆಯ ಹಾಳೆಯ ಕೊನೆಯಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಕಂತು ತಪ್ಪಿದರೆ ಟಿಕೋನಾಗಳ ಮನೆ ಸಾಲದವರಿಗೆ ಎಂದಿದೆ. ಸತುರ್ನೀನಾ ಅದನ್ನು ಎರಡು ಸಲ ಗಟ್ಟಿಯಾಗಿ ಓದುತ್ತಾರೆ. ಮಾರುವವನ ಮುಖ ಹುಳ್ಳಗಾಗುತ್ತದೆ. ಆದರೆ ಫರ್ಮೀನನ ಹೆಂಡತಿಗೆ ಬೇರೆಯದೇ ಚಿಂತೆ: ಎರೆದದ್ದಾಗಿದೆ, ಈಗ ಹಿಂದೆ ಸರಿದರೆ ಭೂತಾಯಿ ಮುನಿದಾಳು.

“ಭೂತಾಯಿ ಬಿಯರ್ ಕುಡೀತಾಳೆ ಕಣಮ್ಮ,” ಎನ್ನುತ್ತಾರೆ ಸತುರ್ನೀನಾ. “ಕಂತು ಕಟ್ಟಲ್ಲ.”

ಫರ್ಮೀನ್ ಬಹಳ ಹೊತ್ತು ಗಾಡಿಯನ್ನೇ ನೋಡುತ್ತಾನೆ. ಕೊನೆಗೆ ಪೆನ್ನನ್ನು ಮಾರುವವನಿಗೆ ವಾಪಸು ಕೊಟ್ಟು ನಡೆಯುತ್ತಾನೆ. ಅವನ ಹೆಂಡತಿ ಹೂಮಾಲೆ ಕಿತ್ತುಕೊಂಡು, ನಿನ್ನ ನಾಲಿಗೆಗೆ ಹುಳ ಬೀಳಲಿ ಎಂದು ಸತುರ್ನೀನಾಗೆ ಶಾಪ ಹಾಕುತ್ತಾ ಹಿಂದೆಯೇ ಹೋಗುತ್ತಾಳೆ. ಹತ್ತು ಬೊಲಿವಿಯಾನೊ ಯಾರಿಗೂ ನೆನಪಾಗಲಿಲ್ಲ.

ಇಷ್ಟು ಮಾಡಿ ಬೈಸಿಕೊಳ್ಳಬೇಕಲ್ಲ, ಬೇಸರವಿಲ್ಲವೇ ಎಂದರೆ ಸತುರ್ನೀನಾ ಲಂಗದ ಕೆಸರು ಕೊಡವುತ್ತಾರೆ.

“ಬೈಲಿ ಬಿಡಿ. ಸ್ವಂತ ಮನೇಲಿ ಕೂತ್ಕೊಂಡು ಬೈತಾಳೆ.”