ಬೀಗ ಹಾಕಿಟ್ಟ ಕಲ್ಲುಸಕ್ಕರೆ

ಯಜ್ದ್ ನಗರದಲ್ಲಿ ಕಲ್ಲುಸಕ್ಕರೆ ಕಟ್ಟುವವರಿಗೆ ಬರವಿಲ್ಲ. ಆದರೆ ಅದು ಏಕೆ ಕಟ್ಟುತ್ತದೆ, ಏಕೆ ಕೆಡುತ್ತದೆ ಎಂಬುದನ್ನು ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಿದವರು ಯಾರೆಂದರೆ, ನಮ್ಮ ಶಾಲೆಯ ರಸಾಯನಶಾಸ್ತ್ರದ ಅಧ್ಯಾಪಕಿ ಮಾಹ್‌ರುಖ್ ಖಾನುಮ್ ಅವರ ಹೆಸರೊಂದೇ ನನ್ನ ಬಾಯಿಗೆ ಬರುತ್ತದೆ. ಈ ತಿಂಗಳು ನಿವೃತ್ತರಾಗುತ್ತಿರುವ ಅವರ ಬಗ್ಗೆ ನಾಲ್ಕು ಮಾತು ಬರೆಯುವ ಅವಕಾಶ, ಅವರ ವಿದ್ಯಾರ್ಥಿನಿಯೂ ಈಗ ಸಹೋದ್ಯೋಗಿಯೂ ಆದ ನನಗೆ ದೊರೆತದ್ದು ಭಾಗ್ಯವೇ ಸರಿ. ಅವರು ಸಿಡುಕಿನವರೆಂದು ಈ ಬೀಳ್ಕೊಡುಗೆ ಸಂಪುಟದಲ್ಲಿ ಬೇರೆ ಯಾರೂ ಬರೆಯಲಾರರು, ನಾನು ಬರೆಯುತ್ತೇನೆ. ಸಿಡುಕಿನವರೇ.

ಅವರು ಸೇವೆಗೆ ಸೇರಿದಾಗ ಪ್ರಯೋಗಾಲಯದಲ್ಲಿ ಒಂದು ಒಲೆ, ನಾಲ್ಕು ಗಾಜಿನ ಪಾತ್ರೆ, ಒಂದು ಕಪಾಟು ಬಿಟ್ಟರೆ ಏನೂ ಇರಲಿಲ್ಲವಂತೆ. ಮನೆಯಿಂದ ಸಕ್ಕರೆ ತಂದು ಪಾಠ ಶುರುಮಾಡಿದರು. ಬಿಸಿನೀರು ಹೆಚ್ಚು ಸಕ್ಕರೆಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಆರುತ್ತ ಬಂದಂತೆ ಹೆಚ್ಚಾದದ್ದನ್ನು ಬಿಟ್ಟುಕೊಡುತ್ತದೆ, ಅಲ್ಲಾಡಿಸದೆ ಬಿಟ್ಟರೆ ಅದು ದಾರಕ್ಕಂಟಿದ ಹರಳಿನ ಮೇಲೆಯೇ ಕೂತು ಬೆಳೆಯುತ್ತದೆ ಎಂಬುದನ್ನು ನಾವು ಪುಸ್ತಕದಲ್ಲಲ್ಲ, ನಾಲಿಗೆಯಲ್ಲಿ ಕಲಿತೆವು.

ಇಪ್ಪತ್ತೆರಡು ವರ್ಷದ ಹಿಂದೆ, ನಾನು ಹನ್ನೊಂದನೆಯ ತರಗತಿಯಲ್ಲಿದ್ದಾಗ, ಅಕ್ಕ ಆತೇಫೆಯ ನಿಕಾಹ್ ಗೊತ್ತಾಯಿತು. ನಿಕಾಹ್‌ನ ಹಾಸಿನ ಮೇಲಿಡುವ ಕೇಸರಿ ಕಲ್ಲುಸಕ್ಕರೆಯ ಬಟ್ಟಲನ್ನು ನಮ್ಮ ಮನೆತನದಲ್ಲಿ ಹುಡುಗಿಯ ತಾಯಿಯೇ ಕಟ್ಟಬೇಕು. ಅಮ್ಮ ಹಿಂದಿನ ವರ್ಷ ತೀರಿಹೋಗಿದ್ದರು. "ಅಂಗಡೀದು ಬೇಡ ಕಣೇ, ಅಮ್ಮನ ಬದಲು ನೀನೇ ಕಟ್ಟು," ಎಂದಳು ಅಕ್ಕ. ಕಟ್ಟಿದೆ. ಆದರೆ ನಿಧಾನವಾಗಿ ಆರಲೆಂದು ರಜಾಯಿ ಸುತ್ತಿಟ್ಟ ಮದುವೆಯ ಬಟ್ಟಲನ್ನು, ಬಂದವರೆಲ್ಲ ಎತ್ತಿ ಇಣುಕಿ 'ಮಾಷಾ ಅಲ್ಲಾ' ಎಂದು ಹರಸುವುದು ನಮ್ಮ ಓಣಿಯ ವಾಡಿಕೆ. ಅಜ್ಜಿ ಬೀಬಿಯಂತೂ ದಿನಕ್ಕೆ ಹತ್ತು ಸಲ ಹರಸಿದರು. ಮದುವೆಗೆ ಆರೇ ದಿನ ಇರುವಾಗ ನೋಡಿದರೆ ದಾರಗಳು ಬೋಳು, ತಳದಲ್ಲಿ ಬರೀ ಮರಳಿನಂಥ ಸಕ್ಕರೆ!

ತರಗತಿಯಲ್ಲಿ ಅಳುತ್ತ ಕೂತವಳನ್ನು ಎಬ್ಬಿಸಿಕೊಂಡು ಖಾನುಮ್ ಮನೆಗೇ ಬಂದರು.

"ಯಾರದೋ ಕಣ್ಣು ಬಿತ್ತು ಖಾನುಮ್," ಎಂದರು ಬೀಬಿ.

"ಬಿದ್ದಿರೋದು ನಿಮ್ಮ ಕಣ್ಣೇ ಬೀಬಿ! ಗಳಿಗೆಗೊಂದ್ಸಲ ಎತ್ತಿ ಅಲ್ಲಾಡಿಸಿದ್ರೆ ಪಾಪ ಹರಳು ಹೇಗೆ ಬೆಳೀಬೇಕು?" ನನ್ನತ್ತ ತಿರುಗಿದರು. "ನೀನು ಅಳೋದು ನಿಲ್ಸು. ಸಕ್ಕರೆ ಎಲ್ಲೂ ಹೋಗಿಲ್ಲ, ಇಲ್ಲೇ ಇದೆ. ನೀರು ಹಾಕಿ ಮತ್ತೆ ಕಾಯ್ಸೋಣ."

ಮರುದಿನ ಶಾಲೆಯ ಒಲೆಯ ಮೇಲೆ ಅದೇ ಸಕ್ಕರೆ ಮತ್ತೆ ಕರಗಿತು. ಹರಳು ಅಂಟಿಸಿದ ದಾರ ಕಟ್ಟಿ, ಪಾಕ ಹೊಯ್ದು, ಕಂಬಳಿ ಸುತ್ತಿ, ಬಟ್ಟಲನ್ನು ಕಪಾಟಿನೊಳಗಿಟ್ಟು ಬೀಗ ಜಡಿದರು. "ಬೀಗದ ಕೈ ನನ್ನ ಹತ್ರ ಇರತ್ತೆ. ಗುರುವಾರದವರೆಗೆ ಕೇಳಿದ್ಯೋ, ನೋಡು!"

ದಿನವೂ ಕೇಳಿದೆ. "ಒಂದೇ ಒಂದ್ಸಲ, ಖಾನುಮ್..." "ಹೋಗೇ, ಓದ್ಕೋ ಹೋಗು." ಗುರುವಾರ ಬೀಗ ತೆರೆಯುವಾಗ ಅವರ ಕೈ ನಡುಗುತ್ತಿತ್ತು, ಚಳಿಗೆ ಎಂದುಕೊಂಡೆ. ಉಳಿದ ಪಾಕ ಬಸಿದರೆ, ದಾರದ ತುಂಬ ಹೆಬ್ಬೆರಳಿನ ಗಾತ್ರದ ಹೊಂಬಣ್ಣದ ಹರಳು! ಅಬ್ಬಾ, ಎದೆಯ ಮೇಲಿನ ಕಲ್ಲು ಇಳಿದಂತಾಗಿ ಬಟ್ಟಲನ್ನು ಅವುಚಿಕೊಂಡು ಮನೆಗೆ ಓಡಿದೆ. ಮರುದಿನ ಅಕ್ಕ ಒಂದು ಚೂರು ಬಾಯಿಗಿಟ್ಟು, "ಥೇಟ್ ಅಮ್ಮನ ಕೈದೇ ಕಣೇ," ಎಂದು ನನ್ನನ್ನು ತಬ್ಬಿಕೊಂಡಳು.

ಆ ನಾಲ್ಕು ದಿನ ಎಳ್ಳಷ್ಟೂ ಅಳುಕದ ಅವರ ಧೈರ್ಯವನ್ನು ನೆನೆದೇ ನಾನು ಅಧ್ಯಾಪಕಿಯಾದೆ. ನನ್ನ ಕೈ ನಡುಗಿದಾಗಲೆಲ್ಲ, ಈ ಕೆಲಸಕ್ಕೆ ನಾನು ತಕ್ಕವಳಲ್ಲವೆಂದು ಒಳಗೊಳಗೇ ಕೊರಗಿದ್ದೂ ಉಂಟು. ಕಳೆದ ವಾರ ಪ್ರಯೋಗಾಲಯವನ್ನು ನನಗೆ ವಹಿಸುತ್ತ, ಆ ಕಪಾಟಿನ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು ಖಾನುಮ್ ನಕ್ಕರು.

"ಅವತ್ತು ಇದು ನನ್ನ ಹತ್ರ ಇರ್ಲೇ ಇಲ್ಲ ಕಣೇ. ಜವಾನ ಮಶ್ ಕೊರ್ಬಾನ್ ಕೈಗೆ ಕೊಟ್ಟು, ಗುರುವಾರಕ್ಕೆ ಮುಂಚೆ ನಾನೇ ಬಂದು ಕೇಳಿದ್ರೂ ಕೊಡಬೇಡ ಅಂದಿದ್ದೆ. ಎರಡು ಸಲ ಕೇಳ್ದೆ. ಪುಣ್ಯಾತ್ಮ, ಕೊಡ್ಲಿಲ್ಲ!"

ಇಷ್ಟು ವರ್ಷದ ನನ್ನ ಭಾರ ಆ ಒಂದು ನಗೆಯಲ್ಲಿ ಇಳಿದುಹೋಯಿತು.

ಖಾನುಮ್ ಅವರಿಗೆ ದೀರ್ಘಾಯುಸ್ಸೂ ಆರೋಗ್ಯವೂ ಒದಗಲಿ, ಇನ್ನು ಮುಂದೆ ತಮ್ಮ ಅಡುಗೆಮನೆಯಲ್ಲೇ ಓಣಿಯ ಹುಡುಗಿಯರಿಗೆ ನಡೆಸಬೇಕೆಂದಿರುವ ಶುಕ್ರವಾರದ ಪಾಠ ಬಹುಕಾಲ ಸಾಗಲಿ. ಅಲ್ಲಿನ ಕಪಾಟಿನ ಬೀಗದ ಕೈಯನ್ನು ಅವರು ಧಾರಾಳವಾಗಿ ನನ್ನ ಬಳಿ ಇಡಬಹುದು. ಎಷ್ಟು ಸಲ ಕೇಳಿದರೂ ನಾನು ಕೊಡುವುದಿಲ್ಲ.