ಚಿಕ್ಕಪ್ಪ ಸೆಟ್ ಆದದ್ದು

ಊರಿನ ಅರ್ಧ ನಗು ನಮ್ಮ ಚಿಕ್ಕಪ್ಪನ ಕೈಯಲ್ಲಿ ತಯಾರಾಗುತ್ತಿತ್ತು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದಿನ ಮೆಟ್ಟಿಲು ಹತ್ತಿದರೆ ಅವನ ಒಂದೇ ಕೋಣೆ. ಕಿಟಕಿಯ ಹಲಗೆಯ ಮೇಲೆ ಯಾರ್ಯಾರದೋ ದವಡೆಗಳು ಸಾಲಾಗಿ ಕೂತು ಹಲ್ಲು ಕಿಸಿಯುತ್ತಿದ್ದವು. ಕಟ್ಟಿಸಿದ ಹಲ್ಲಿಗೆ ಅವನು ಸೆಟ್ ಎನ್ನುತ್ತಿದ್ದ. ಅಚ್ಚಿಗೆ ಕಲಸಿದ ಪ್ಲಾಸ್ಟರ್ ಗಟ್ಟಿಯಾದರೂ ಸೆಟ್, ಹಲ್ಲು ಬಾಯಿಗೆ ಹೊಂದಿಕೊಂಡರೂ ಸೆಟ್. "ನಮ್ಮ ಸೆಟೆದುಕೊಳ್ಳೋದನ್ನೇ ಇಂಗ್ಲಿಷಿನೋರು ಕದ್ದಿದಾರೆ ಕಣೇ" ಎಂಬುದು ಅವನ ಸಂಶೋಧನೆ.

ಅದರಿಂದ ಬೆಂಚಿನ ಮೇಲೆ ನಿಂತವಳು ನಾನು. ಕಾನ್ವೆಂಟಿನಲ್ಲಿ ಸಿಸ್ಟರ್ 'ದಿ ಸನ್ ಸೆಟ್ಸ್' ಅಂದರೇನು ಎಂದು ಕೇಳಿದಾಗ, "ಸೂರ್ಯ ಹಲ್ಲು ತೆಗೆದು ಬಟ್ಟಲಲ್ಲಿಟ್ಟು ಮಲಗುತ್ತಾನೆ" ಎಂದಿದ್ದೆ. ನಮ್ಮಜ್ಜಿ ದಿನಾ ಮಾಡುತ್ತಿದ್ದದ್ದು ಅದನ್ನೇ.

ಇಷ್ಟೆಲ್ಲ ಸೆಟ್ ಮಾಡುವ ಚಿಕ್ಕಪ್ಪ ನಲವತ್ತಾರಾದರೂ ಮದುವೆಯಾಗಿ ಸೆಟ್ಲ್ ಆಗಿರಲಿಲ್ಲ. "ನಿಂದ್ಯಾವಾಗಪ್ಪಾ?" ಎಂದು ಅಮ್ಮ ಕೆಣಕಿದರೆ, "ನಂಗಿನ್ನೂ ಮೂವತ್ತೆರಡೂ ಗಟ್ಟಿಯಾಗಿವೆ ಅತ್ತಿಗೆ" ಎಂದು ಜಾರಿಕೊಳ್ಳುತ್ತಿದ್ದ.

ಹಾಗಿರುವಾಗ ಲೈಬ್ರರಿಯ ಮೇಡಂ ತಮ್ಮ ತಾಯಿಯನ್ನು ಕರೆದುಕೊಂಡು ಬಂದರು. ಅಚ್ಚು ತೆಗೆದದ್ದಾಯಿತು, ಹಲ್ಲು ಕೂರಿಸಿದ್ದಾಯಿತು. ಆ ಅಜ್ಜಿ ಎರಡು ಸಲ ಕಟಕಟ ಕಡಿದು ನೋಡಿ, "ಉಹೂಂ, ಸೆಟ್ ಆಗಿಲ್ಲ" ಎಂದರು.

ಮುಂದಿನ ವಾರವೂ ಅದೇ ಮಾತು, ಅದರ ಮುಂದಿನ ವಾರವೂ. ಚಿಕ್ಕಪ್ಪ ಅರದಿಂದ ಕೂದಲೆಳೆಯಷ್ಟು ಉಜ್ಜುವುದು, ಅಜ್ಜಿ ತಲೆಯಾಡಿಸುವುದು. ಆ ಹೊತ್ತಿನಲ್ಲಿ ಮೇಡಂ ಕಿಟಕಿಯ ದವಡೆಗಳನ್ನು ಪುಸ್ತಕದಂತೆ ಅಕಾರಾದಿಯಾಗಿ ಜೋಡಿಸುತ್ತ ಚಿಕ್ಕಪ್ಪನನ್ನು ನಗಿಸುತ್ತಿದ್ದರು. ಐದನೆಯ ವಾರ ಅವನು ಹೊಸ ಅಂಗಿ ಹೊಲಿಸಿದ. ಅಮ್ಮ ಅಂಗಿಯನ್ನು ನೋಡಿ, ತಾನೇ ಇಸ್ತ್ರಿ ಮಾಡಿಕೊಟ್ಟಳು.

ಪೇಚಾಟ ಶುರುವಾದದ್ದು ಅಲ್ಲಿಂದಲೇ. ಸೆಟ್ಟಿನಲ್ಲಿ ಹುಳುಕಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತು. ಆದರೆ ಬಾಯಿಬಿಟ್ಟು ಹೇಳಿದರೆ ಮೇಡಂ ಮತ್ತೆ ಮೆಟ್ಟಿಲು ಹತ್ತುವುದಿಲ್ಲ. ಹೇಳದಿದ್ದರೆ ಸುಮ್ಮಸುಮ್ಮನೆ ಉಜ್ಜಬೇಕು, ಒಳ್ಳೆಯ ಕೆಲಸ ಕೆಡಬೇಕು. ಇಪ್ಪತ್ತು ವರ್ಷದಲ್ಲಿ ಅವನ ಅರ ಸುಳ್ಳು ಆಡಿರಲಿಲ್ಲ.

ಏಳನೆಯ ವಾರ ಯಾರದೋ ಅಚ್ಚಿಗೆ ಪ್ಲಾಸ್ಟರ್ ಕಲಸುತ್ತಿದ್ದವನು ತಲೆ ಎತ್ತದೆಯೇ ಹೇಳಿಬಿಟ್ಟ:

"ಅಮ್ಮಾ, ತಪ್ಪು ತಿಳ್ಕೋಬೇಡಿ. ಸೆಟ್ ಸರಿಯಾಗೇ ಇದೆ. ಇನ್ನು ನಾನು ಮುಟ್ಟಿದ್ರೆ ಹಾಳಾಗುತ್ತೆ. ನೀವು... ಇನ್ನು ಬರೋದು ಬೇಡ."

ಮೇಡಂ ಕೈಯಲ್ಲಿದ್ದ ದವಡೆ ಹಾಗೇ ನಿಂತಿತು. ಅಜ್ಜಿ ಸೆರಗಿನ ಗಂಟು ಬಿಚ್ಚಿ, ಹುರಿದ ಕಡಲೆಬೀಜ ಬಾಯಿಗೆ ಹಾಕಿಕೊಂಡು ಕುರುಂ ಕುರುಂ ಅಗಿದರು.

"ಹಲ್ಲು ಮೊದಲ್ನೇ ದಿನವೇ ಸೆಟ್ ಆಯ್ತಲ್ಲಪ್ಪ. ನಾನು ಹೇಳ್ತಿದ್ದದ್ದು ನಿಮ್ಮಿಬ್ಬರ ವಿಷಯ!"

"ಅಮ್ಮಾ!" ಎಂದರು ಮೇಡಂ.

"ಏನಮ್ಮಾ? ಏಳು ವಾರದಿಂದ ರಜೆ ಹಾಕಿ ಬರ್ತಿರೋದು ನನ್ನ ಹಲ್ಲು ನೋಡೋಕಾ?"

ಚಿಕ್ಕಪ್ಪನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಮೂವತ್ತೆರಡೂ ಇರುವುದು ಎಲ್ಲರಿಗೂ ಖಾತ್ರಿಯಾಯಿತು. ಕೊನೆಗೆ ಮೇಡಂ ಅವರೇ, "ರೀ, ನಿಮ್ಮ ಪ್ಲಾಸ್ಟರ್..." ಎಂದರು. ನೋಡಿದರೆ ಬಟ್ಟಲಿನಲ್ಲಿ ಕಲಸುವ ಚಮಚ ಸೆಟೆದು ನಿಂತಿದೆ. ಎಳೆದರೂ ಬರಲಿಲ್ಲ. ಅಷ್ಟು ವರ್ಷದಲ್ಲಿ ಅವನು ಹಾಳುಮಾಡಿದ ಮೊದಲ ಬಟ್ಟಲು ಅದು.

ಈಗದು ಅವರಿಬ್ಬರ ಮನೆಯ ಬಾಗಿಲಿಗೆ ಒತ್ತು ಕೊಟ್ಟು ಕೂತಿದೆ. "ಎಸೀಬಾರದಾ ಚಿಕ್ಕಮ್ಮಾ?" ಎಂದು ಕೇಳಿದೆ.

"ಎಸೆಯೋದಾ? ಆವತ್ತು ನಿಮ್ಮ ಚಿಕ್ಕಪ್ಪನ ಬಾಯಿಂದ ಹೊರಡದ ಉತ್ತರ ಕಣೇ ಅದು."